ಕುದುರೆ ಫ್ಲೂ: ಯಾವ ಲಸಿಕೆ, ಎಷ್ಟು ತಿಂಗಳಿಗೊಮ್ಮೆ, ಯಾರಿಗೆ ಯಾವ ಏರ್ಪಾಡು

ಲಾಯದ ಒಂದು ಮೂಲೆಯಲ್ಲಿ ಒಣಕೆಮ್ಮು ಕೇಳಿಸಿದರೆ ಮೂರನೆಯ ದಿನಕ್ಕೆ ಇಡೀ ಸಾಲು ಕೆಮ್ಮುತ್ತಿರುತ್ತದೆ. ಕುದುರೆ ಫ್ಲೂ ಹರಡುವ ವೇಗ ಅಂಥದ್ದು. ಸೋಂಕು ತಗುಲಿದ ಒಂದರಿಂದ ಮೂರು ದಿನದೊಳಗೆ ಮೈಬಿಸಿ 39ರಿಂದ 41 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಹುರುಳಿ ಮುಂದಿಟ್ಟರೆ ಮೂಸಿ ಬಿಡುತ್ತದೆ. ಮೂಗಿನಲ್ಲಿ ಮೊದಲು ನೀರು, ಆಮೇಲೆ ಗಟ್ಟಿ ಸಿಂಬಳ. ಗಟ್ಟಿಮುಟ್ಟಾದ ಕುದುರೆ ಇದರಿಂದ ಸಾಯುವುದು ಅಪರೂಪ. ಆದರೆ ಮರಿಗಳಿಗೆ, ಮುದಿ ಕುದುರೆಗಳಿಗೆ, ಕತ್ತೆ ಮತ್ತು ಹೇಸರಗತ್ತೆಗಳಿಗೆ ಅದು ನ್ಯುಮೋನಿಯಾಕ್ಕೆ ತಿರುಗಿ ಜೀವಕ್ಕೇ ಕುತ್ತು ತರಬಹುದು. ಬದುಕಿದ ಕುದುರೆಯೂ ಕಡಿಮೆಯೆಂದರೆ ಮೂರು ವಾರ ದುಡಿಮೆಗೆ ಬರುವುದಿಲ್ಲ.

ಇದು ನಮಗೆ ದೂರದ ಕಾಯಿಲೆಯಲ್ಲ. 1987ರಲ್ಲಿ ಭಾರತದಲ್ಲಿ ದೊಡ್ಡದಾಗಿ ಹಬ್ಬಿತ್ತು. 2008ರಲ್ಲಿ ಜಮ್ಮುವಿನ ಕತ್ರಾದಲ್ಲಿ ಮತ್ತೆ ಕಾಣಿಸಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಇಳಿಯಿತು. ಆ ಹಾವಳಿಯಲ್ಲಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಬೇರ್ಪಡಿಸಿದ ವೈರಸ್‌ಗಳಲ್ಲಿ ಒಂದರ ಹೆಸರಿನಲ್ಲಿ ಮೈಸೂರು ಇದೆ.

ಕುದುರೆ ಸಾಕುವವರನ್ನು ಕಾಡುವ ಪ್ರಶ್ನೆ ಮೂರು. ಲಸಿಕೆ ಬೇಕೇ, ಹೊಸ ಕುದುರೆಯನ್ನು ಬೇರೆ ಕಟ್ಟಿದರೆ ಸಾಲದೇ? ಬೇಕೆಂದರೆ ಯಾವ ಬಗೆಯದು? ವರ್ಷಕ್ಕೊಮ್ಮೆಯೋ, ಆರು ತಿಂಗಳಿಗೊಮ್ಮೆಯೋ? ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಆದರೆ ನಿಮ್ಮ ಕುದುರೆಯ ದಿನಚರಿ ನಿಮಗೆ ಗೊತ್ತಿದ್ದರೆ ಉತ್ತರ ಕಷ್ಟವೂ ಅಲ್ಲ.

ಮೊದಲು ಅಳೆಯಬೇಕಾದದ್ದು

ಎಲ್ಲಕ್ಕಿಂತ ಮುಖ್ಯವಾದ ಅಳತೆ: ನಿಮ್ಮ ಕುದುರೆ ತಿಂಗಳಿಗೆ ಎಷ್ಟು ಅಪರಿಚಿತ ಕುದುರೆಗಳ ಹತ್ತಿರ ನಿಲ್ಲುತ್ತದೆ? ಕೆಮ್ಮಿದಾಗ ಹಾರುವ ಹನಿಗಳು 30ರಿಂದ 50 ಮೀಟರ್ ಸಾಗಬಲ್ಲವು. ಹಾಗಾಗಿ ಮೂತಿಗೆ ಮೂತಿ ತಾಗದಿದ್ದರೂ ಒಂದೇ ಮೈದಾನದಲ್ಲಿ ನಿಂತದ್ದು ಲೆಕ್ಕಕ್ಕೆ ಬರುತ್ತದೆ. ರೇಸ್ ಕುದುರೆ, ಸ್ಪರ್ಧೆಗೆ ಹೋಗುವ ಸವಾರಿ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಪ್ರವಾಸಿ ತಾಣದ ಸಾರೋಟಿನ ಕುದುರೆ, ಇವೆಲ್ಲ ಹೆಚ್ಚು ಅಪಾಯದ ಗುಂಪು. ತೋಟದ ಮನೆಯಲ್ಲಿ ಒಂಟಿಯಾಗಿರುವ ಕುದುರೆಗೆ ಅಪಾಯ ಕಡಿಮೆ. ಆದರೂ ಲಾಳ ಕಟ್ಟುವವನು ಬೆಳಿಗ್ಗೆ ಎಲ್ಲಿದ್ದ ಎಂದು ಕೇಳಿಕೊಳ್ಳಿ, ವೈರಸ್ ಅವನ ಕೈ, ಬಟ್ಟೆ, ಸಲಕರಣೆಯ ಮೇಲೂ ಬರುತ್ತದೆ.

ಎರಡನೆಯದು, ರಕ್ಷಣೆ ಎಷ್ಟು ಬೇಗ ಬೇಕು. ಊರಲ್ಲಿ ರೋಗ ಇಲ್ಲದಾಗ ಸಾವಕಾಶವಾಗಿ ಹಾಕಿಸುವುದೇ ಬೇರೆ, ಪಕ್ಕದ ಲಾಯದಲ್ಲಿ ಕೆಮ್ಮು ಶುರುವಾದ ಮೇಲೆ ಓಡಾಡುವುದೇ ಬೇರೆ. ಮೂರನೆಯದು ವಯಸ್ಸು ಮತ್ತು ಗಬ್ಬ. ನಾಲ್ಕನೆಯದು, ಲಸಿಕೆಯನ್ನು ತಂಪಾಗಿ ನಿಮ್ಮ ಲಾಯದವರೆಗೆ ತರುವುದು ಆಗುತ್ತದೆಯೇ ಎಂಬುದು. ಐದನೆಯದು ಹಣ. ಇಲ್ಲಿ ಬಹಳ ಜನ ತಪ್ಪು ಲೆಕ್ಕ ಹಾಕುತ್ತಾರೆ. ಲಸಿಕೆಯ ಬೆಲೆಯನ್ನು ಸೊನ್ನೆಯ ಪಕ್ಕ ಇಟ್ಟು ನೋಡಬಾರದು, ಮೂರು ವಾರ ದುಡಿಯದೆ ನಿಂತ ಕುದುರೆಯ ಮೇವು, ಹುರುಳಿ, ಔಷಧ ಮತ್ತು ತಪ್ಪಿದ ಬಾಡಿಗೆಯ ಪಕ್ಕ ಇಟ್ಟು ನೋಡಬೇಕು.

ಲಸಿಕೆಯಿಲ್ಲದೆ, ಬರೀ ಎಚ್ಚರಿಕೆಯಿಂದ

ಈ ದಾರಿ ಅಗ್ಗ, ಆದರೆ ಶಿಸ್ತು ಬೇಡುತ್ತದೆ. ಹೊಸದಾಗಿ ಬಂದ ಅಥವಾ ಹೊರಗೆ ಹೋಗಿ ಬಂದ ಕುದುರೆಯನ್ನು ಕನಿಷ್ಠ 14 ದಿನ ಬೇರೆ ಕಟ್ಟಬೇಕು. ಜಾಗ ಇದ್ದರೆ 50 ಮೀಟರ್ ದೂರ, ಗಾಳಿ ಉಳಿದ ಕುದುರೆಗಳ ಕಡೆಗೆ ಬೀಸದ ದಿಕ್ಕಿನಲ್ಲಿ. ಬಕೆಟ್, ಮೇವಿನ ತೊಟ್ಟಿ, ಮೈ ಉಜ್ಜುವ ಬ್ರಷ್, ಲಗಾಮು ಎಲ್ಲ ಬೇರೆ. ನೋಡಿಕೊಳ್ಳುವ ಸೈಸ್, ಅಂದರೆ ಕುದುರೆಯಾಳು, ಬೇರೆಯವನಿದ್ದರೆ ಒಳ್ಳೆಯದು. ಒಬ್ಬನೇ ಇದ್ದರೆ ಹಳೆಯ ಕುದುರೆಗಳ ಕೆಲಸ ಮೊದಲು ಮುಗಿಸಿ ಕೊನೆಗೆ ಹೊಸದರ ಹತ್ತಿರ ಹೋಗಬೇಕು, ಅಲ್ಲಿಂದ ಬಂದು ಬಟ್ಟೆ ಬದಲಿಸಿ ಸೋಪಿನಲ್ಲಿ ಕೈ ತೊಳೆಯಬೇಕು. ಫ್ಲೂ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು ಅದನ್ನು ಚೆನ್ನಾಗಿ ಕೊಲ್ಲುತ್ತದೆ. ಬ್ಲೀಚ್ ಬಳಸುವುದಾದರೆ ಮೊದಲು ಲದ್ದಿ, ಜೊಲ್ಲು, ಹುಲ್ಲು ಉಜ್ಜಿ ತೊಳೆಯಿರಿ. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯಲ್ಲೇ ಖರ್ಚಾಗಿ ಹೋಗುತ್ತದೆ.

ಇದರ ಜೀವಾಳ ಥರ್ಮಾಮೀಟರ್. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮೇವಿಗೆ ಮೊದಲು ಮತ್ತು ಸಂಜೆ, ಗುದದ್ವಾರದಲ್ಲಿ ಇಟ್ಟು ನೋಡಬೇಕು. ತುದಿಗೆ ವ್ಯಾಸಲೀನ್ ಸವರಿ, ಹಿಂಬದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಟ್ಟೆ ಕ್ಲಿಪ್‌ನಿಂದ ಬಾಲಕ್ಕೆ ಸಿಕ್ಕಿಸಿ. ಇಲ್ಲದಿದ್ದರೆ ಥರ್ಮಾಮೀಟರ್ ಒಳಗೆ ಜಾರುತ್ತದೆ, ಇಲ್ಲವೇ ಬಿದ್ದು ಒಡೆಯುತ್ತದೆ. ನಿಲ್ಲುವಾಗ ಕುದುರೆಯ ಹಿಂದೆ ಬೇಡ, ಪಕ್ಕದಲ್ಲಿ ತೊಡೆಗೆ ಒತ್ತಿ ನಿಲ್ಲಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ಸುಮಾರು 37.5ರಿಂದ 38.5 ಡಿಗ್ರಿ ಸಹಜ. 38.5 ದಾಟಿದರೆ ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ ಮತ್ತೆ ನೋಡಿ, ಇಳಿಯದಿದ್ದರೆ ಪಶುವೈದ್ಯರಿಗೆ ಹೇಳಿ. ಒಂದು ಮಾತು ನೆನಪಿಡಿ: ಕಾಲುನೋವಿಗೆಂದು ಕೊಡುವ ಬ್ಯೂಟ್‌ನಂಥ ಔಷಧ ಜ್ವರವನ್ನು ಮುಚ್ಚಿಡುತ್ತದೆ. ಅದನ್ನು ಕೊಟ್ಟ ಕುದುರೆಯ 38 ಡಿಗ್ರಿಯನ್ನು ನಂಬಿ ಯಾರೂ ಕ್ವಾರಂಟೈನ್ ಮುಗಿಸಬಾರದು.

ದೌರ್ಬಲ್ಯ ಏನು? ಒಂದೇ ಒಂದು ಲೋಪಕ್ಕೆ ಇಡೀ ಕೋಟೆ ಬೀಳುತ್ತದೆ. 2007ರ ಆಗಸ್ಟ್‌ವರೆಗೆ ಆಸ್ಟ್ರೇಲಿಯಾ ಕುದುರೆ ಫ್ಲೂ ಕಾಣದ ದೇಶ. ಅಲ್ಲಿನ ಕುದುರೆಗಳಿಗೆ ಲಸಿಕೆಯಿರಲಿಲ್ಲ, ಗಡಿಯ ಕ್ವಾರಂಟೈನನ್ನೇ ನಂಬಿದ್ದರು. ಸಿಡ್ನಿ ಹತ್ತಿರದ ಕ್ವಾರಂಟೈನ್ ಕೇಂದ್ರದಿಂದ ವೈರಸ್ ಹೊರಬಿತ್ತು. ನಾಲ್ಕೇ ತಿಂಗಳಲ್ಲಿ ಸುಮಾರು 10,000 ಜಾಗಗಳಲ್ಲಿ 70,000ಕ್ಕೂ ಹೆಚ್ಚು ಕುದುರೆಗಳಿಗೆ ರೋಗ ಬಂತು. ಅವರು ಅದನ್ನು ಪೂರ್ತಿ ತೊಡೆದು ಹಾಕಿದ್ದು ದೊಡ್ಡ ಸಾಧನೆ, ಆದರೆ ಸಾಗಾಟ ನಿಲ್ಲಿಸಿ, ಅದರ ಜೊತೆಗೆ ಲಸಿಕೆಯನ್ನೂ ಹಾಕಿಯೇ.

ಹಾಗಾಗಿ ಹೊರಗೆ ಹೋಗದ, ಹೊಸಬರು ಬರದ, ಎರಡು ಮೂರು ಕುದುರೆಗಳ ತೋಟದ ಮನೆಗೆ ಇದು ಸಾಕಾಗಬಹುದು. ಬಾಡಿಗೆ, ರೇಸು, ಸ್ಪರ್ಧೆಗೆ ಹೋಗುವವರಿಗೆ ಸಾಲದು.

ಚುಚ್ಚುಮದ್ದಿನ ಮೂರು ಬಗೆ, ಮೂಗಿನದು ಒಂದು

ಬಗೆ ಯಾವುದೇ ಇರಲಿ, ಮೊದಲು ಲೇಬಲ್‌ನಲ್ಲಿ ಯಾವ ತಳಿಗಳಿವೆ ನೋಡಿ. ಇಂದು ಕುದುರೆಗಳಲ್ಲಿ ಓಡಾಡುತ್ತಿರುವುದು ಎಚ್3ಎನ್8 ವೈರಸ್‌ನ ಫ್ಲೋರಿಡಾ ವಂಶ. ಅದರಲ್ಲಿ ಕ್ಲೇಡ್ 1, ಕ್ಲೇಡ್ 2 ಎಂದು ಎರಡು ಕವಲು. ಲಸಿಕೆಯಲ್ಲಿ ಎರಡೂ ಇರಬೇಕೆಂಬುದು ವಿಶ್ವ ಪಶು ಆರೋಗ್ಯ ಸಂಸ್ಥೆಯ ಸಲಹೆ. 2008ರಲ್ಲಿ ಭಾರತದಲ್ಲಿ ಸಿಕ್ಕಿದ್ದು ಕ್ಲೇಡ್ 2. ಕುದುರೆ ಫ್ಲೂವಿನ ಇನ್ನೊಂದು ಹಳೆಯ ಬಗೆಯಾದ ಎಚ್7ಎನ್7 ಕೂಡ ಲಸಿಕೆಯಲ್ಲಿದೆ ಎಂದು ಯಾರಾದರೂ ಹೊಗಳಿದರೆ ಅದಕ್ಕೆ ಹೆಚ್ಚು ಕೊಡಬೇಡಿ. ಆ ವೈರಸ್ ದಶಕಗಳಿಂದ ಕುದುರೆಗಳಲ್ಲಿ ಸಿಕ್ಕಿಲ್ಲ. ತಳಿ ಹಳೆಯದಾದರೆ ದುಬಾರಿ ಲಸಿಕೆಯೂ ಅರ್ಧ ಕೆಲಸ ಮಾಡುತ್ತದೆ. 2003ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ರೋಗ ಬಂದದ್ದು ಲಸಿಕೆ ಪಡೆದ ರೇಸ್ ಕುದುರೆಗಳಿಗೇ.

ಹಳೆಯ, ಹೆಚ್ಚು ಬಳಕೆಯ ಬಗೆ ನಿಷ್ಕ್ರಿಯ ವೈರಸ್ಸಿನದು. ವೈರಸ್ಸನ್ನು ಕೊಂದು, ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಪದಾರ್ಥದೊಂದಿಗೆ ಬೆರೆಸಿರುತ್ತಾರೆ. ಗಬ್ಬದ ಕುದುರೆಗೂ ಕೊಡುವ ಅಭ್ಯಾಸವಿದೆ. ಬಜೆಟ್ ಬಿಗಿ ಇರುವವರಿಗೆ ಸಾಮಾನ್ಯವಾಗಿ ಕೈಗೆಟುಕುವುದು ಇದೇ. ದೋಷವೆಂದರೆ ನಿಧಾನ: ಒಂದೇ ಡೋಸ್‌ಗೆ ಭರವಸೆಯಿಲ್ಲ, ಎರಡು ಬೇಕೇ ಬೇಕು, ಎರಡನೆಯದರ ನಂತರ ಸುಮಾರು ಎರಡು ವಾರಕ್ಕೆ ರಕ್ಷಣೆ ತುದಿ ಮುಟ್ಟುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಕೆಲವು ಕುದುರೆಗಳಿಗೆ ಚುಚ್ಚಿದಲ್ಲಿ ಎರಡು ಮೂರು ದಿನ ಊತ, ಕತ್ತು ಬಗ್ಗಿಸಲು ನೋವು ಬರುತ್ತದೆ. ಅಷ್ಟು ದಿನ ಮೇವಿನ ತೊಟ್ಟಿಯನ್ನು ಎದೆಮಟ್ಟಕ್ಕೆ ಎತ್ತಿಡಿ. ನೆಲದಲ್ಲಿದ್ದರೆ ನೋವಿಗೆ ಹೆದರಿ ತಿನ್ನುವುದಿಲ್ಲ, ಮಾಲೀಕ ಮಾತ್ರ ಜ್ವರ ಬಂತೆಂದು ಗಾಬರಿಯಾಗುತ್ತಾನೆ.

ಎರಡನೆಯದು ಉಪಘಟಕ ಲಸಿಕೆ. ಇಡೀ ವೈರಸ್ ಬದಲು ಅದರ ಮೇಲ್ಮೈ ಪ್ರೋಟೀನುಗಳನ್ನು ತೆಗೆದುಕೊಂಡು, ನಮ್ಮ ಅಂಟುವಾಳದ ಹಾಗೆ ನೊರೆ ಬರುವ ಕ್ವಿಲಾಯಾ ಮರದ ತೊಗಟೆಯ ಸಪೋನಿನ್ ಜೊತೆ ಸೇರಿಸಿರುತ್ತಾರೆ. ಪ್ರತಿಕಾಯ, ಅಂದರೆ ವೈರಸ್ ವಿರುದ್ಧ ದೇಹ ರಕ್ತದಲ್ಲಿ ತಯಾರಿಸುವ ರಕ್ಷಕ ಪದಾರ್ಥ, ಚೆನ್ನಾಗಿ ಏರುತ್ತದೆ. ಬೆಲೆ ಹೆಚ್ಚಿರುತ್ತದೆ, ವೇಳಾಪಟ್ಟಿ ಮಾತ್ರ ನಿಷ್ಕ್ರಿಯದಂತೆಯೇ.

ಮೂರನೆಯದು ಕ್ಯಾನರಿಪಾಕ್ಸ್ ವಾಹಕದ ಲಸಿಕೆ. ಹಕ್ಕಿಯ ಸಿಡುಬಿನ ವೈರಸ್ಸೊಂದಕ್ಕೆ ಫ್ಲೂ ವೈರಸ್ಸಿನ ಒಂದು ಪ್ರೋಟೀನಿನ ಜೀನ್ ಹೊರಿಸಿರುತ್ತಾರೆ. ಕುದುರೆಯ ಮೈಯಲ್ಲಿ ಆ ವೈರಸ್ ಬೆಳೆಯುವುದಿಲ್ಲ, ಆದರೆ ಪ್ರೋಟೀನ್ ತಯಾರಾಗುತ್ತದೆ, ದೇಹ ಅದನ್ನು ನಿಜವಾದ ಸೋಂಕೆಂದೇ ಎದುರಿಸುತ್ತದೆ. ಇದರ ವಿಶೇಷ ಲಾಭ ಬೇರೆ ಯಾವುದರಲ್ಲೂ ಇಷ್ಟು ಸ್ಪಷ್ಟವಾಗಿಲ್ಲ: ಲಸಿಕೆ ಪಡೆದ ಕುದುರೆಯಲ್ಲಿ ಆ ಒಂದು ಪ್ರೋಟೀನಿಗೆ ಮಾತ್ರ ಪ್ರತಿಕಾಯ ಇರುತ್ತದೆ, ರೋಗ ಬಂದು ಹೋದದ್ದರಲ್ಲಿ ವೈರಸ್ಸಿನ ಒಳಗಿನ ಪ್ರೋಟೀನಿಗೂ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಎರಡನ್ನೂ ಬೇರ್ಪಡಿಸಬಹುದು. ಆಸ್ಟ್ರೇಲಿಯಾ ಇದನ್ನು ಆರಿಸಿದ್ದು ಈ ಕಾರಣಕ್ಕೆ. ಕುದುರೆಗಳನ್ನು ಹೊರನಾಡಿಗೆ ಕಳಿಸುವ ಸ್ಟಡ್ ಫಾರ್ಮಿಗೆ (ಕುದುರೆ ತಳಿ ಬೆಳೆಸುವ ಕೇಂದ್ರಕ್ಕೆ) ಹೆಚ್ಚಿನ ಬೆಲೆ ಕೊಟ್ಟರೂ ಸಾರ್ಥಕ. ಒಂದು ಜಟಕಾ ಕುದುರೆಯ ಮಾಲೀಕನಿಗೆ ಆ ಲಾಭದಿಂದ ಏನೂ ಆಗಬೇಕಿಲ್ಲ.

ಇನ್ನು ಮೂಗಿಗೆ ಹಾಕುವ ಸಜೀವ ಲಸಿಕೆ. ತಂಪಿಗೆ ಒಗ್ಗಿಸಿದ ಈ ವೈರಸ್ ಮೂಗಿನ ತಂಪಿನಲ್ಲಿ ಬೆಳೆಯುತ್ತದೆ, ಪುಪ್ಪುಸದ ಬಿಸಿಯಲ್ಲಿ ಬೆಳೆಯುವುದಿಲ್ಲ. ಒಂದೇ ಡೋಸ್ ಸಾಕು, ಒಂದು ವಾರದಲ್ಲಿ ಕೆಲಸ ಶುರು, ಕತ್ತಿಗೆ ಸೂಜಿಯೂ ಇಲ್ಲ. ಅಮೆರಿಕದಲ್ಲಿ ಇದರ ಅನುಮತಿ ಇರುವುದು 11 ತಿಂಗಳು ದಾಟಿದ, ಗಬ್ಬವಿಲ್ಲದ ಕುದುರೆಗೆ. ಅಲ್ಲಿ ಕುದುರೆ ಇಟ್ಟುಕೊಂಡ ಕನ್ನಡಿಗರು, ಹಿಂದೆಂದೂ ಲಸಿಕೆ ಕಾಣದ ಕುದುರೆಗೆ ಬೇಗ ರಕ್ಷಣೆ ಬೇಕಾದರೆ ಮೊದಲು ಕೇಳಬೇಕಾದದ್ದು ಇದನ್ನೇ. ಹಾಕಿದ ಮೇಲೆ ಕೆಲವು ದಿನ ಲಸಿಕೆಯ ವೈರಸ್ಸೇ ಮೂಗಿನಲ್ಲಿ ಸಿಗಬಹುದು. ಆಗ ವೈರಸ್ ಪತ್ತೆಯ ಪಿಸಿಆರ್ ಪರೀಕ್ಷೆ ಮಾಡಿಸಿದರೆ ದಾರಿ ತಪ್ಪುತ್ತದೆ, ಹಾಕಿಸಿದ ತಾರೀಖನ್ನು ವೈದ್ಯರಿಗೆ ಹೇಳಿ.

ಈ ನಾಲ್ಕೂ ಎಲ್ಲ ಕಡೆ ಸಿಗುವುದಿಲ್ಲ. ಸಿಗುವ ಲಸಿಕೆಯನ್ನು ಸರಿಯಾದ ವೇಳೆಗೆ ಹಾಕಿಸಿದ ಕುದುರೆ, ಒಳ್ಳೆಯ ಲಸಿಕೆಗೆ ಕಾಯುತ್ತ ಬರಿಗತ್ತಿನಲ್ಲಿ ನಿಂತ ಕುದುರೆಗಿಂತ ಸಾವಿರ ಪಾಲು ಸುರಕ್ಷಿತ.

ಆರು ತಿಂಗಳೋ, ವರ್ಷವೋ

ಚುಚ್ಚುಮದ್ದಿನ ಬಗೆಗಳಿಗೆ ಮೊದಲ ಸುತ್ತು ಸಾಮಾನ್ಯವಾಗಿ ಹೀಗೆ: ಮೊದಲ ಡೋಸ್, ನಾಲ್ಕರಿಂದ ಆರು ವಾರಕ್ಕೆ ಎರಡನೆಯದು, ಅದಾದ ಐದಾರು ತಿಂಗಳಿಗೆ ಮೂರನೆಯದು. ಕುದುರೆಗಳು ಹೆಚ್ಚಾಗಿ ಸಿಕ್ಕಿಬೀಳುವುದು ಎರಡು ಮತ್ತು ಮೂರರ ನಡುವಿನ ಕಂದಕದಲ್ಲಿ. ಎರಡು ಹಾಕಿಸಿ ಆಯಿತು ಎಂದು ಮಾಲೀಕ ನಿಶ್ಚಿಂತೆಯಾಗಿರುತ್ತಾನೆ, ಪ್ರತಿಕಾಯ ನಾಲ್ಕನೆಯ ತಿಂಗಳಿಗಾಗಲೇ ಕೆಳಗಿಳಿದಿರುತ್ತದೆ. ಎಳೆಯ ಕುದುರೆಯನ್ನು ತರಬೇತಿಗೆ ಕಳಿಸುವುದಿದ್ದರೆ ಮೂರನೆಯದು ಹಾಕಿಸಿ ಎರಡು ವಾರ ಕಳೆದ ಮೇಲೆ ಕಳಿಸಿ.

ಮೂರಾದ ಮೇಲೆ ಮನೆಯಲ್ಲೇ ಇರುವ ಕುದುರೆಗೆ ವರ್ಷಕ್ಕೊಮ್ಮೆ ಸಾಕು. ಹೊರಗೆ ತಿರುಗುವ ಕುದುರೆಗೆ, ಐದು ವರ್ಷದೊಳಗಿನದಕ್ಕೆ ಆರು ತಿಂಗಳಿಗೊಮ್ಮೆ ಬೇಕು. ಈ ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಲಸಿಕೆ ಹಾಕಿದ ಕುದುರೆಗೆ ಸೋಂಕು ತಗುಲುವುದೇ ಇಲ್ಲವೆಂದಲ್ಲ, ರಕ್ಷಣೆ ಇಳಿದಾಗ ಮೇಲೆ ಆರೋಗ್ಯವಾಗಿ ಕಾಣುತ್ತಲೇ ವೈರಸ್ ಹೊರಹಾಕುತ್ತದೆ. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಪಡೆದ ರೇಸ್ ಕುದುರೆಗಳಲ್ಲೇ ಫ್ಲೂ ಕಾಣಿಸಿ ದೇಶದ ರೇಸುಗಳೆಲ್ಲ ಆರು ದಿನ ನಿಂತವು. ಎಫ್‌ಇಐ (ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ) ಸ್ಪರ್ಧೆಗೆ ಹೋಗುವ ಕುದುರೆಗೆ ಹಿಂದಿನ ಡೋಸ್ 6 ತಿಂಗಳು 21 ದಿನದೊಳಗೆ ಬಿದ್ದಿರಬೇಕು, ಸ್ಥಳ ತಲುಪುವ ಹಿಂದಿನ 7 ದಿನ ಲಸಿಕೆ ಕೂಡದು. ಒಂದು ದಿನ ತಪ್ಪಿದರೂ ಬಾಗಿಲಿನಿಂದಲೇ ವಾಪಸ್.

ಮರಿಗೆ ತಾಯಿಯ ಗಿಣ್ಣಿನಿಂದ ಬಂದ ಪ್ರತಿಕಾಯ ತಿಂಗಳುಗಟ್ಟಲೆ ಇರುತ್ತದೆ, ಅದು ಇರುವಾಗ ಹಾಕಿದ ಲಸಿಕೆಯನ್ನು ಅದೇ ನುಂಗಿ ಹಾಕುತ್ತದೆ. ಆದ್ದರಿಂದ ತಾಯಿಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಬೂಸ್ಟರ್, ಮರಿಗೆ ಆರು ತಿಂಗಳು ತುಂಬಿದ ಮೇಲೆ ಮೊದಲ ಡೋಸ್.

ಧನುರ್ವಾಯು ಸೇರಿದ ಜೋಡಿ ಲಸಿಕೆ ಒಂದು ಸೂಜಿ ಉಳಿಸುತ್ತದೆ. ಆದರೆ ಧನುರ್ವಾಯುವಿಗೆ ಆರು ತಿಂಗಳ ಲೆಕ್ಕವಿಲ್ಲ. ಒಮ್ಮೆ ಜೋಡಿ, ಮುಂದಿನ ಸಲ ಬರೀ ಫ್ಲೂ, ಹೀಗೆ ಅದಲು ಬದಲು ಮಾಡಿದರೆ ಹಣವೂ ಉಳಿಯುತ್ತದೆ.

ಹಾಳಾಗುವುದು ಎಲ್ಲಿ

ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಮಂಜುಗಡ್ಡೆಗೆ ಹೆದರುವವರು ಕಡಿಮೆ. ಆದರೆ ಅಲ್ಯೂಮಿನಿಯಂ ಲವಣ ಇರುವ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ಬಾಟಲಿ ಅಲುಗಿಸಿದರೆ ಹಾಲು ಒಡೆದ ಹಾಗೆ ಚೂರು ಚೂರು ತಳಕ್ಕೆ ಇಳಿಯುತ್ತದೆ. ಅದನ್ನು ಹಾಕಿಸಬೇಡಿ. ಥರ್ಮಾಸ್‌ನಲ್ಲಿ ತರುವಾಗ ಬಾಟಲಿಯನ್ನು ನಾಲ್ಕು ಸುತ್ತು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಐಸ್ ನೇರ ತಾಗದಂತೆ ಇಡಿ.

ಚುಚ್ಚುವುದು ಪಶುವೈದ್ಯರ ಕೆಲಸ. ಜಾಗ ಕತ್ತಿನ ತ್ರಿಕೋನ: ಭುಜದ ಎಲುಬಿನ ಮುಂದೆ, ಜೂಲಿನ ಕೆಳಗಿನ ಗಟ್ಟಿ ನಾರಿಗಿಂತ ಕೆಳಗೆ, ಕತ್ತಿನ ಮೂಳೆಗಿಂತ ಮೇಲೆ. ಪಿರ್ರೆಯಲ್ಲಿ ಹಾಕಿಸಬೇಡಿ, ಕೀವಾದರೆ ಹರಿದು ಹೋಗಲು ದಾರಿಯಿರುವುದಿಲ್ಲ. ಒಂದು ಕುದುರೆಗೆ ಒಂದು ಸೂಜಿ. ಜ್ವರ ಇರುವ ಕುದುರೆಗೆ ಹಾಕಬಾರದು, ಹಾಕಿದ ಮೇಲೆ ಎರಡು ಮೂರು ದಿನ ಓಟ, ಭಾರ ಬೇಡ.

ಅರಿಶಿನದ ಹೊಗೆ, ಶುಂಠಿ ಕಷಾಯಗಳನ್ನು ಲಸಿಕೆಯ ಜಾಗದಲ್ಲಿ ಇಡಲಾಗದು, ಅವು ವೈರಸ್ ತಡೆಯುವುದಿಲ್ಲ. ಆ್ಯಂಟಿಬಯೋಟಿಕ್‌ಗೂ ಫ್ಲೂಗೂ ಸಂಬಂಧವಿಲ್ಲ, ಮೇಲೆ ಬ್ಯಾಕ್ಟೀರಿಯಾ ಕೂತು ಸಿಂಬಳ ಹಳದಿಯಾದಾಗ ಮಾತ್ರ ವೈದ್ಯರು ಯೋಚಿಸುತ್ತಾರೆ.

ಮೂಗು ಸೋರುವ ಪ್ರತಿ ಕುದುರೆಯೂ ಫ್ಲೂ ಅಲ್ಲ, ಇದನ್ನು ಬಹಳ ಕಳಕಳಿಯಿಂದ ಹೇಳುತ್ತೇವೆ. ಮೂಗಿನೊಳಗೆ ಹುಣ್ಣು, ಅಂಟು ಅಂಟಾದ ಅಥವಾ ರಕ್ತ ಬೆರೆತ ಸಿಂಬಳ, ಚರ್ಮದಡಿ ಗಂಟುಗಳ ಸಾಲು ಕಂಡರೆ ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಅದು ಮನುಷ್ಯನಿಗೂ ಅಂಟಿ ಕೊಲ್ಲುತ್ತದೆ, ಅದಕ್ಕೆ ಲಸಿಕೆಯಿಲ್ಲ, 2009ರ ಪ್ರಾಣಿ ರೋಗ ನಿಯಂತ್ರಣ ಕಾಯ್ದೆಯಡಿ ಪಶು ಆಸ್ಪತ್ರೆಗೆ ತಿಳಿಸಲೇಬೇಕು. ಬರಿಗೈಯಲ್ಲಿ ಮುಟ್ಟಬೇಡಿ. ಫ್ಲೂ ಅನುಮಾನವಿದ್ದರೆ ಮೂಗಿನ ಆಳದ ಸ್ವಾಬ್ ಅನ್ನು ಜ್ವರ ಬಂದ ಮೊದಲ ಎರಡು ಮೂರು ದಿನದಲ್ಲೇ ತೆಗೆಸಿ, ತಡವಾದಷ್ಟೂ ವೈರಸ್ ಸಿಗುವ ಸಾಧ್ಯತೆ ಇಳಿಯುತ್ತದೆ.

ಯಾರಿಗೆ ಯಾವುದು

ರೇಸ್ ಮತ್ತು ಸ್ಪರ್ಧೆಯ ಕುದುರೆಗೆ ಎರಡೂ ಕ್ಲೇಡ್ ಇರುವ ಲಸಿಕೆ, ಆರು ತಿಂಗಳಿಗೊಮ್ಮೆ, ಜೊತೆಗೆ ಊರಿಂದ ಊರಿಗೆ ಹೋದಾಗಲೆಲ್ಲ ಥರ್ಮಾಮೀಟರ್. ಇಲ್ಲಿ ಚೌಕಾಸಿಗೆ ಜಾಗವಿಲ್ಲ. ಸ್ಟಡ್ ಫಾರ್ಮಿನಲ್ಲಿ ಗಬ್ಬದ ಕುದುರೆಗಳ ಕ್ಯಾಲೆಂಡರ್ ಮೊದಲು ಬರೆದು ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಸವಾರಿ ಶಾಲೆಯವರಿಗೆ ಲಸಿಕೆಗಿಂತ ಕಷ್ಟವಾಗುವುದು ಹೊಸ ಕುದುರೆಯನ್ನು 14 ದಿನ ಬೇರೆ ಕಟ್ಟುವ ಜಾಗ. ಆ ಒಂದು ಕೊಟ್ಟಿಗೆಗೆ ಹಣ ಹಾಕಿ.

ಉತ್ತರ ಕರ್ನಾಟಕದ ಕುರಿಗಾರರ ತಟ್ಟು, ಕತ್ತೆಗಳಿಗೆ ಕ್ವಾರಂಟೈನ್ ಎನ್ನುವುದೇ ಆಗದ ಮಾತು, ದಿನವೂ ಹೊಸ ಹೊಲ. ಅವುಗಳಿಗೆ ಲಸಿಕೆಯೇ ದಾರಿ. ಕತ್ತೆ ನೋವನ್ನು ತೋರಿಸಿಕೊಳ್ಳುವುದಿಲ್ಲ, ಮೇವು ಬಿಟ್ಟಿತೆಂದು ತಿಳಿಯುವಾಗ ಪುಪ್ಪುಸ ಕೆಟ್ಟಿರುತ್ತದೆ.

ಮೈಸೂರಿನ ಜಟಕಾ, ಸಾರೋಟಿನವರಿಗೆ ಅಗ್ಗದ, ಗಟ್ಟಿಯಾದ ಏರ್ಪಾಡು ಒಂದೇ: ಒಂದೇ ನಿಲ್ದಾಣದವರೆಲ್ಲ ಸೇರಿ ಒಂದೇ ದಿನ ಹಾಕಿಸುವುದು. ಹಲವು ಡೋಸಿನ ಬಾಟಲಿ ಒಡೆದರೆ ಅಂದೇ ಮುಗಿಸಬೇಕು, ಒಬ್ಬನಿಗೆ ನಷ್ಟ, ಹತ್ತು ಜನಕ್ಕೆ ಲಾಭ. ಅದಕ್ಕಿಂತ ದೊಡ್ಡ ಕಾರಣ, ಹತ್ತರಲ್ಲಿ ಒಂಬತ್ತಕ್ಕೆ ಹಾಕಿಸಿ ಹತ್ತನೆಯದನ್ನು ಬಿಟ್ಟರೆ ವೈರಸ್ ಅದರಲ್ಲಿ ಬೆಳೆದು ಉಳಿದವುಗಳ ಮೇಲೆ ದಿನವಿಡೀ ಬೀಳುತ್ತದೆ. ದಸರೆಯಲ್ಲಿ ಕುದುರೆಗೆ ಕೆಲಸ ಹೆಚ್ಚು, ಹೊರಗಿನ ಕುದುರೆಗಳೂ ಬರುತ್ತವೆ. ನವರಾತ್ರಿಯ ಮೊದಲ ದಿನದಿಂದ ಮೂರು ವಾರ ಹಿಂದೆ ಎಣಿಸಿ ಬೂಸ್ಟರ್ ದಿನ ಗೊತ್ತು ಮಾಡಿ. ಮೊದಲ ಸಲ ಹಾಕಿಸುವ ಕುದುರೆಯಾದರೆ ಎರಡೂ ಡೋಸ್ ಆ ಹೊತ್ತಿಗೆ ಮುಗಿದಿರಬೇಕು, ಅಂದರೆ ಹಬ್ಬಕ್ಕೆ ಎರಡೂವರೆ ತಿಂಗಳಿರುವಾಗ ಆಷಾಢದಲ್ಲೇ ಶುರುಮಾಡಬೇಕು.

ಇಷ್ಟೆಲ್ಲ ಮಾಡಿಯೂ ಜ್ವರ ಬಂದರೆ ಲೆಕ್ಕ ಸರಳ. ಎಷ್ಟು ದಿನ ಜ್ವರವಿತ್ತೋ ಅಷ್ಟು ವಾರ ವಿಶ್ರಾಂತಿ, ಮೂರು ವಾರಕ್ಕೆ ಕಡಿಮೆಯಿಲ್ಲದಂತೆ. ಕೆಮ್ಮು ನಿಂತ ದಿನವೇ ಗಾಡಿಗೆ ಹೂಡಬೇಡಿ. ಉಸಿರುನಾಳದ ಒಳಪದರ ಸುಟ್ಟ ಚರ್ಮದ ಹಾಗೆ ಉದುರಿರುತ್ತದೆ, ಹೊಸದು ಬೆಳೆಯಲು ಅಷ್ಟು ಕಾಲ ಬೇಕು. ಅಲ್ಲಿವರೆಗೆ ಒಣಹುಲ್ಲನ್ನು ನೀರಲ್ಲಿ ಅದ್ದಿ ಕೊಡಿ, ದೂಳು ಗಂಟಲಿಗೆ ಹೋಗದಿರಲಿ.